‘ರೋಗನಿರೋಧಕ ಶಕ್ತಿ’ ಎಂಬ ಮಾತಿಗೆ ಒಂದು ಆಕ್ಷೇಪ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ತಮ್ಮ ಆರೋಗ್ಯ ಪುರವಣಿಯಲ್ಲಿ ಕಷಾಯ ಮೊದಲಾದವುಗಳಿಂದ ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸಿಕೊಳ್ಳುವ ಬಗೆಯನ್ನು ಕುರಿತು ಅರ್ಧ ಪುಟದ ಲೇಖನವೊಂದು ಪ್ರಕಟವಾಗಿತ್ತು. ಅದಾದ ಮೂರನೆಯ ದಿನ ಓದುಗರ ಪತ್ರಗಳ ಅಂಕಣದಲ್ಲಿ ತಾಯಿಯೊಬ್ಬರು, 2022ರಲ್ಲಿ ತಮ್ಮ ಮಗಳಿಗೆ ಶಾಲೆಯಲ್ಲಿ ಹಾಕಿದ ಕಾರ್ಬೆವ್ಯಾಕ್ಸ್ ಎಂಬ ಕೋವಿಡ್ ಲಸಿಕೆಯಲ್ಲಿ ‘ಬ್ಯಾಕ್ಟೀರಿಯಾದ ಡಿಎನ್‌ಎ’ ಇತ್ತೆಂದು ಈಚೆಗೆ ಎಲ್ಲೋ ಓದಿ ತಿಳಿದುದಾಗಿಯೂ, ಅದು ಮಗುವಿನ ವಂಶವಾಹಿಗಳ ಜೊತೆ ಬೆರೆತುಹೋಗಿದ್ದರೆ ಏನು ಗತಿಯೆಂದು ತಮಗೆ ನಿದ್ದೆ ಬರುತ್ತಿಲ್ಲವೆಂದೂ ಬರೆದಿದ್ದರು. ಒಂದು ಬರಹದಲ್ಲಿ ಅತಿಯಾದ ಭರವಸೆಯಿದೆ, ಇನ್ನೊಂದರಲ್ಲಿ ಅತಿಯಾದ ಭಯವಿದೆ. ಎರಡಕ್ಕೂ ಬೇರು ಒಂದೇ ಎಂದು ನನಗೆ ತೋರುತ್ತದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪದವಿ ತರಗತಿಗಳಿಗೆ ಸೂಕ್ಷ್ಮಜೀವಿಶಾಸ್ತ್ರವನ್ನು ಪಾಠ ಹೇಳಿದವನಾದ್ದರಿಂದ, ಉದ್ದವಾದರೂ ಸರಿಯೆಂದು ಈ ಪತ್ರ ಬರೆಯುತ್ತಿದ್ದೇನೆ.

ನನ್ನ ತಕರಾರು ‘ಶಕ್ತಿ’ ಎಂಬ ಪದದ ಮೇಲೆ. ಕನ್ನಡದಲ್ಲಿ ‘ಇಮ್ಯುನಿಟಿ’ಗೆ ‘ರೋಗನಿರೋಧಕ ಶಕ್ತಿ’ ಎಂದು ಬರೆಯುವ ರೂಢಿ ಬೇರೂರಿದೆ. ಶಕ್ತಿ ಎಂದ ಕೂಡಲೇ ಅದು ತೋಳಿನ ಬಲದ ಹಾಗೆ, ಹಂಡೆಯ ನೀರಿನ ಹಾಗೆ, ಹೆಚ್ಚು ಇದ್ದಷ್ಟೂ ಒಳ್ಳೆಯದು ಎಂಬ ಅರ್ಥ ತಾನಾಗಿ ಒಳನುಗ್ಗುತ್ತದೆ. ಆದರೆ ಶರೀರದಲ್ಲಿ ನಡೆಯುವ ಕೆಲಸದ ಬಹುಪಾಲು ಗುರುತು ಹಿಡಿಯುವುದಕ್ಕೆ ಸಂಬಂಧಿಸಿದ್ದು: ಇದು ನನ್ನದೋ ಪರರದೋ, ಇರಬೇಕಾದ ಜಾಗದಲ್ಲಿ ಇದೆಯೋ ಇಲ್ಲವೋ ಎಂಬ ತೀರ್ಮಾನಗಳು. ಇದನ್ನು ತೋರಿಸಲು ಆ ತಾಯಿಯನ್ನು ಹೆದರಿಸಿದ ಬ್ಯಾಕ್ಟೀರಿಯಾದ ಡಿಎನ್‌ಎಗಿಂತ ಉತ್ತಮವಾದ ಉದಾಹರಣೆ ನನಗೆ ತಿಳಿದಿಲ್ಲ.

ಸಮಸ್ಯೆಯನ್ನು ಮೊದಲು ಶರೀರದ ಕಡೆಯಿಂದ ನೋಡಬೇಕು. ಬ್ಯಾಕ್ಟೀರಿಯಾದ ಹೊರಕವಚದಲ್ಲಿ ನಮ್ಮಲ್ಲಿ ಎಲ್ಲಿಯೂ ಇಲ್ಲದ ರಾಸಾಯನಿಕಗಳಿರುತ್ತವೆ. ಅವನ್ನು ಪರಕೀಯವೆಂದು ಗುರುತಿಸುವುದು ಕಷ್ಟವೇನಲ್ಲ. ಡಿಎನ್‌ಎ ಹಾಗಲ್ಲ. ಕ್ಷಯದ ರೋಗಾಣುವಿನಲ್ಲೂ, ರಾಗಿಯ ತೆನೆಯಲ್ಲೂ, ಈ ಪತ್ರ ಬರೆಯುತ್ತಿರುವ ನನ್ನ ಬೆರಳಿನಲ್ಲೂ ಇರುವ ಡಿಎನ್‌ಎ ಅದೇ ನಾಲ್ಕು ರಾಸಾಯನಿಕ ‘ಅಕ್ಷರ’ಗಳಿಂದ ಆದದ್ದು. ಹಾಗಿರುವಾಗ ರೋಗಾಣುವನ್ನು ನುಂಗಿದ ಬಿಳಿ ರಕ್ತಕಣವೊಂದು ತನ್ನೊಳಗೆ ಬಿದ್ದ ಡಿಎನ್‌ಎ ತುಣುಕನ್ನು ನೋಡಿ, ಇದು ಸತ್ತ ನೆರೆಯ ಕೋಶದ್ದಲ್ಲ, ಬ್ಯಾಕ್ಟೀರಿಯಾದ್ದು ಎಂದು ತಿಳಿಯುವುದಾದರೂ ಹೇಗೆ?

ಉತ್ತರ ಅಡಗಿರುವುದು ಎರಡು ಅಕ್ಷರಗಳ ಜೋಡಿಯೊಂದರಲ್ಲಿ. ಸೈಟೋಸಿನ್ ಎಂಬ ಅಕ್ಷರದ ಬೆನ್ನಿಗೇ ಗ್ವಾನಿನ್ ಬರುವ ಈ ಜೋಡಿಯನ್ನು ವಿಜ್ಞಾನಿಗಳು ‘ಸಿಪಿಜಿ’ ಎನ್ನುತ್ತಾರೆ. ನಾಲ್ಕು ಅಕ್ಷರಗಳನ್ನು ಸುಮ್ಮನೆ ಕಲಸಿ ಚೆಲ್ಲಿದರೆ ಹದಿನಾರು ಜೋಡಿಗಳಲ್ಲಿ ಒಂದು ಇಂಥದ್ದಾಗಬೇಕು. ಅನೇಕ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ನಮ್ಮಲ್ಲಿ ಮಾತ್ರ ಅದರ ಪ್ರಮಾಣ ನಿರೀಕ್ಷೆಯ ಐದನೆಯ ಒಂದು ಭಾಗದಷ್ಟೇ. ಉಳಿದಿರುವ ಆ ಸ್ವಲ್ಪದಲ್ಲೂ ಶೇ 70ರಿಂದ 80ರಷ್ಟು ಜೋಡಿಗಳ ಸೈಟೋಸಿನ್‌ಗೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಬೊಟ್ಟು ಇಟ್ಟಿರುತ್ತದೆ. ಸಿಪಿಜಿ ನಮ್ಮಲ್ಲಿ ಅಪರೂಪವಾಗಲು ಕಾರಣವೂ ಈ ಬೊಟ್ಟೇ: ಮೀಥೈಲ್ ಹೊತ್ತ ಸೈಟೋಸಿನ್ ರಾಸಾಯನಿಕವಾಗಿ ಸವೆದಾಗ ಥೈಮಿನ್ ಆಗಿಬಿಡುತ್ತದೆ, ಥೈಮಿನ್ ಡಿಎನ್‌ಎಯ ಸಹಜ ಅಕ್ಷರವೇ ಆದ್ದರಿಂದ ದುರಸ್ತಿ ಮಾಡುವ ಕಿಣ್ವಗಳ ಕಣ್ಣಿಗೆ ಆ ತಪ್ಪು ಎಷ್ಟೋ ಸಲ ಬೀಳುವುದಿಲ್ಲ, ಹೀಗೆ ಕೋಟ್ಯಂತರ ವರ್ಷಗಳಲ್ಲಿ ಜೋಡಿಗಳು ಒಂದೊಂದಾಗಿ ಅಳಿಸಿಹೋಗಿವೆ. ಬ್ಯಾಕ್ಟೀರಿಯಾಗಳೂ ತಮ್ಮ ಡಿಎನ್‌ಎಗೆ ಗುರುತು ಹಾಕಿಕೊಳ್ಳುತ್ತವೆ, ಆದರೆ ಸಾಮಾನ್ಯವಾಗಿ ಬೇರೆ ಜಾಗಗಳಲ್ಲಿ. ನಮ್ಮ ಹಳ್ಳಿಗಳಲ್ಲಿ ಊರ ದನಗಳ ಕಿವಿಗೆ ಗುರುತು ಮಾಡುವುದಿತ್ತಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ: ಗುರುತಿಲ್ಲದ ಕಿವಿಯ ದನ ಕಂಡರೆ ಅದು ಪರ ಊರಿನದು.

ಇದು ಯಾರಿಗೋ ಒಂದು ದಿನ ಹೊಳೆದ ಸಂಗತಿಯಲ್ಲ. ನ್ಯೂಯಾರ್ಕ್‌ನ ಶಸ್ತ್ರವೈದ್ಯ ವಿಲಿಯಂ ಕೋಲಿ 1891ರಲ್ಲಿಯೇ ಕ್ಯಾನ್ಸರ್ ಗಡ್ಡೆಗಳಿಗೆ ಬ್ಯಾಕ್ಟೀರಿಯಾಗಳನ್ನು ಚುಚ್ಚಿ ನೋಡಿದ್ದ. ಕೆಲವು ಗಡ್ಡೆಗಳು ಕರಗಿದವು, ಏಕೆಂದು ಅವನಿಗೆ ತಿಳಿದಿರಲಿಲ್ಲ. 1984ರಲ್ಲಿ ಜಪಾನಿನ ತೊಕುನಾಗ ಮತ್ತು ಯಾಮಾಮೊತೊ ಅವರ ತಂಡ, ನಮ್ಮಲ್ಲಿ ಹುಟ್ಟಿದ ಮಕ್ಕಳ ತೋಳಿಗೆ ಹಾಕುವ ಅದೇ ಬಿಸಿಜಿ ಬ್ಯಾಕ್ಟೀರಿಯಾವನ್ನು ಒಡೆದು, ಗಡ್ಡೆಯ ಮೇಲೆ ಪರಿಣಾಮ ಬೀರುವ ಅಂಶ ಯಾವುದೆಂದು ಹುಡುಕುತ್ತಿತ್ತು. ಕವಚದ ಕೊಬ್ಬೋ ಪ್ರೋಟೀನೋ ಇರಬಹುದೆಂದು ಯಾರಾದರೂ ಊಹಿಸುತ್ತಿದ್ದರು. ಅವರ ಕೈಗೆ ಸಿಕ್ಕಿದ ಅಂಶದಲ್ಲಿ ಹೆಚ್ಚಿನ ಪಾಲು ಡಿಎನ್‌ಎ ಆಗಿತ್ತು. ಕರುವಿನ ಅಥವಾ ಸಾಲ್ಮನ್ ಮೀನಿನ ಡಿಎನ್‌ಎ ಕೊಟ್ಟು ನೋಡಿದರೆ ಆ ಪರಿಣಾಮ ಕಾಣಲಿಲ್ಲ. ವಂಶವಾಹಿ ಪದಾರ್ಥವೇ ಬಿಳಿ ರಕ್ತಕಣಗಳನ್ನು ಎಬ್ಬಿಸುತ್ತದೆಂಬ ಮಾತನ್ನು ಆಗ ಹೆಚ್ಚಿನವರು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಮಾದರಿಯಲ್ಲಿ ಏನೋ ಕಲಬೆರಕೆಯಿರಬೇಕೆಂಬ ಗುಮಾನಿ ಬಹಳ ಕಾಲ ಉಳಿಯಿತು.

ಗುಮಾನಿ ಹರಿದದ್ದು 1995ರಲ್ಲಿ, ಅದೂ ಪ್ರಯೋಗವೊಂದು ಕೈಕೊಟ್ಟದ್ದರಿಂದ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಆರ್ಥರ್ ಕ್ರೀಗ್ ಪ್ರಯೋಗಾಲಯದಲ್ಲಿ ತಯಾರಿಸಿದ ಚಿಕ್ಕ ಡಿಎನ್‌ಎ ಎಳೆಗಳಿಂದ ವಂಶವಾಹಿಯೊಂದರ ಬಾಯಿ ಮುಚ್ಚಿಸಲು ಹೊರಟಿದ್ದರು. ಕೇವಲ ಹೋಲಿಕೆಗೆಂದು ಇಟ್ಟಿದ್ದ, ಏನೂ ಮಾಡಬಾರದಿದ್ದ ಎಳೆಗಳೂ ಪ್ರತಿಕಾಯ ತಯಾರಿಸುವ ಬಿ-ಕೋಶಗಳನ್ನು ಕೆರಳಿಸಿದವು. ಅಂಥದ್ದನ್ನು ಕಂಡಾಗ ಪ್ರಯೋಗ ಕೆಟ್ಟಿತೆಂದು ಚೆಲ್ಲಿಬಿಡುವವರೇ ಹೆಚ್ಚು. ಅವರು ಚೆಲ್ಲದೆ, ಕೆರಳಿಸುವ ಎಳೆಗಳನ್ನೂ ಕೆರಳಿಸದ ಎಳೆಗಳನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿದರು. ಕೆರಳಿಸುವವುಗಳಲ್ಲೆಲ್ಲ ಬೊಟ್ಟಿಲ್ಲದ ಸಿಪಿಜಿ ಇತ್ತು, ಬೊಟ್ಟು ಇಟ್ಟು ಕೊಟ್ಟರೆ ಕೆರಳಿಕೆ ಅಡಗುತ್ತಿತ್ತು.

ಓದುವ ಕಣ್ಣು ಯಾವುದೆಂಬ ಪ್ರಶ್ನೆ ಉಳಿದಿತ್ತು. ಅಮೆರಿಕದ ಚಾರ್ಲ್ಸ್ ಜೇನ್‌ವೇ 1989ರಲ್ಲಿಯೇ, ಸೂಕ್ಷ್ಮಜೀವಿಗಳಲ್ಲಿ ಸಾಮಾನ್ಯವಾಗಿರುವ ಚಹರೆಗಳನ್ನು ಹುಟ್ಟಿನಿಂದಲೇ ಗುರುತಿಸಬಲ್ಲ ಗ್ರಾಹಕಗಳು (ರಿಸೆಪ್ಟರ್ ಎಂಬ ಪ್ರೋಟೀನುಗಳು) ನಮ್ಮಲ್ಲಿ ಇರಲೇಬೇಕೆಂದು ವಾದಿಸಿದ್ದರು. ಶುದ್ಧ ಪ್ರೋಟೀನನ್ನು ಮಾತ್ರ ಚುಚ್ಚಿದರೆ ಪ್ರಾಣಿಗಳ ಶರೀರ ಅಷ್ಟಾಗಿ ಸ್ಪಂದಿಸುವುದಿಲ್ಲ, ಜೊತೆಗೆ ಸತ್ತ ಬ್ಯಾಕ್ಟೀರಿಯಾಗಳಂಥದ್ದನ್ನು ಬೆರೆಸಬೇಕಾಗುತ್ತದೆ. ಇದು ತಮ್ಮ ಶಾಸ್ತ್ರದವರ ‘ಕೊಳಕು ಗುಟ್ಟು’ ಎಂದು ಅವರು ತಮಾಷೆಯಾಗಿ ಒಪ್ಪಿಕೊಂಡಿದ್ದರು. ಆ ಗ್ರಾಹಕಗಳ ಸುಳಿವು ಮೊದಲು ಸಿಕ್ಕಿದ್ದು ಹಣ್ಣಿನ ನೊಣದಲ್ಲಿ. ಫ್ರಾನ್ಸಿನ ಜೂಲ್ಸ್ ಹಾಫ್‌ಮನ್ 1996ರಲ್ಲಿ ನೊಣದ ‘ಟೋಲ್’ ವಂಶವಾಹಿಯ ಪಾತ್ರವನ್ನು ತೋರಿಸಿದರು, ಎರಡು ವರ್ಷದ ನಂತರ ಬ್ರೂಸ್ ಬ್ಯೂಟ್ಲರ್ ಇಲಿಯಲ್ಲಿ ಅದರ ದಾಯಾದಿಯನ್ನು ಕಂಡರು. ಇಬ್ಬರಿಗೂ 2011ರ ನೊಬೆಲ್ ಬಂತು. ಡಿಎನ್‌ಎ ಓದುವ ಗ್ರಾಹಕವನ್ನು 2000ದಲ್ಲಿ ಜಪಾನಿನ ಒಸಾಕಾದ ಶಿಝುವೊ ಅಕೀರಾ ಅವರ ತಂಡ ಪತ್ತೆ ಮಾಡಿತು. ಅದರ ಹೆಸರು ಟಿಎಲ್‌ಆರ್-9, ಅಂದರೆ ಟೋಲ್‌ನಂಥ ಒಂಬತ್ತನೆಯ ಗ್ರಾಹಕ. ಅದಿಲ್ಲದೆ ಹುಟ್ಟಿಸಿದ ಇಲಿಗಳಿಗೆ ಎಷ್ಟೇ ಸಿಪಿಜಿ ಚುಚ್ಚಿದರೂ ಅವುಗಳ ಬಿಳಿ ರಕ್ತಕಣಗಳು ಮಿಸುಕಲಿಲ್ಲ.

ಈ ಗ್ರಾಹಕ ಕೋಶದ ಹೊರಮೈಯಲ್ಲಿಲ್ಲ ಎಂಬುದು ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ಅತಿ ಸುಂದರವಾದ ಭಾಗ. ನುಂಗಿದ್ದನ್ನು ಆಮ್ಲದಲ್ಲಿ ನೆನೆಸಿ ಅರಗಿಸುವ ಒಳಚೀಲಗಳು ಕೋಶದಲ್ಲಿವೆ. ಟಿಎಲ್‌ಆರ್-9 ಆ ಚೀಲದ ಗೋಡೆಗೆ ಅಂಟಿಕೊಂಡಿರುತ್ತದೆ. ಅಷ್ಟೇ ಅಲ್ಲ, ಚೀಲದ ಆಮ್ಲೀಯತೆಯಲ್ಲಿ ಕೆಲಸ ಮಾಡುವ ಕಿಣ್ವಗಳು ಗ್ರಾಹಕದ ಒಂದು ಭಾಗವನ್ನು ಕತ್ತರಿಸುವವರೆಗೆ ಅದು ಕುರುಡಾಗಿಯೇ ಇರುತ್ತದೆ. ಏಕಿಷ್ಟು ಬಿಗಿ ಏರ್ಪಾಡು ಎಂದರೆ, ಕಿವಿಯ ಗುರುತೊಂದನ್ನೇ ನಂಬಿ ಕೂರುವಂತಿಲ್ಲ: ನಮ್ಮ ಡಿಎನ್‌ಎಯಲ್ಲೂ ಬೊಟ್ಟಿಲ್ಲದ ಸಿಪಿಜಿಗಳು ಅಲ್ಲಲ್ಲಿ ಉಳಿದಿವೆ. ದಿನವೂ ಲೆಕ್ಕವಿಲ್ಲದಷ್ಟು ಕೋಶಗಳು ಸಾಯುತ್ತವೆ, ಅವುಗಳ ಡಿಎನ್‌ಎ ರಕ್ತದಲ್ಲಿ ತೇಲುತ್ತದೆ, ಆದರೆ ಅಲ್ಲಿನ ಕಿಣ್ವಗಳು ಅದನ್ನು ಬೇಗನೆ ಚೂರು ಮಾಡುವುದರಿಂದ ಅದು ಒಳಚೀಲದವರೆಗೆ ತಲುಪುವುದು ಕಡಿಮೆ. ಬ್ಯಾಕ್ಟೀರಿಯಾದ ಡಿಎನ್‌ಎ ಮಾತ್ರ ತನ್ನ ಕವಚದೊಳಗೆ ಭದ್ರವಾಗಿ ಕುಳಿತು, ನುಂಗಿಸಿಕೊಂಡು, ಚೀಲದೊಳಗೇ ಒಡೆದು ಹೊರಬೀಳುತ್ತದೆ. ಟಿಎಲ್‌ಆರ್-9 ಅನ್ನು ಬೇಕೆಂದೇ ಕೋಶದ ಹೊರಮೈಗೆ ಬರುವಂತೆ ತಿದ್ದಿ ನೋಡಿದ ಪ್ರಯೋಗವೊಂದು 2006ರಲ್ಲಿ ಪ್ರಕಟವಾಯಿತು. ತಿದ್ದಿದ ಗ್ರಾಹಕ ಸ್ವಂತ ಡಿಎನ್‌ಎಗೇ ಕೂಗೆಬ್ಬಿಸತೊಡಗಿತು.

ಗ್ರಾಹಕಕ್ಕೆ ಸಿಪಿಜಿ ಸಿಕ್ಕಿದ ಮೇಲೆ ನಡೆಯುವುದನ್ನು ಚುಟುಕಾಗಿ ಹೇಳಬಹುದು. ಕುದುರೆಲಾಳದ ಆಕಾರದ ಎರಡು ಗ್ರಾಹಕಗಳು ಜೋಡಿಯಾಗುತ್ತವೆ, ಕೋಶದೊಳಗೆ ಪ್ರೋಟೀನಿನಿಂದ ಪ್ರೋಟೀನಿಗೆ ಸುದ್ದಿ ದಾಟಿ ಕೋಶಕೇಂದ್ರವನ್ನು ತಲುಪುತ್ತದೆ, ಕೆಲವೇ ಗಂಟೆಗಳಲ್ಲಿ ಇಂಟರ್‌ಫೆರಾನ್ ಮತ್ತು ಇತರ ಸಂದೇಶದ್ರವ್ಯಗಳು ಹೊರಬರುತ್ತವೆ. ಜ್ವರ ಬರುತ್ತದೆ, ಹಸಿವು ಕೆಡುತ್ತದೆ, ಬಿ-ಕೋಶಗಳು ಪ್ರತಿಕಾಯ ತಯಾರಿಸಲು ಅಣಿಯಾಗುತ್ತವೆ. ತಮ್ಮ ಲೇಖನದಲ್ಲಿ ಜ್ವರವನ್ನು ‘ಶಕ್ತಿ ಕುಂದಿದ್ದರ ಲಕ್ಷಣ’ ಎಂದು ಬರೆಯಲಾಗಿದೆ. ಅದು ಈ ಗುರುತಿಸುವ ಕೆಲಸ ಸರಿಯಾಗಿ ನಡೆದುದರ ಲಕ್ಷಣವೂ ಆಗಿರುತ್ತದೆ.

ಚೀಲವನ್ನು ಹರಿದು ಕೋಶರಸಕ್ಕೇ ನುಸುಳುವ ರೋಗಾಣುಗಳ ವಿಷಯದಲ್ಲಿ ಶರೀರದ ಕ್ರಮ ಬೇರೆ. ಅಲ್ಲಿ ಕಾವಲಿರುವುದು ‘ಸಿಗ್ಯಾಸ್’ ಎಂಬ ಕಿಣ್ವ. ಇದನ್ನು 2013ರಲ್ಲಿ ಕಂಡುಹಿಡಿದವರು ಅಮೆರಿಕದ ಡಲ್ಲಾಸ್‌ನ ಝಿಜಿಯಾನ್ ಚೆನ್ ಮತ್ತು ಅವರ ಸಂಗಡಿಗರು. ಸಿಗ್ಯಾಸ್ ಅಕ್ಷರಗಳನ್ನು ಓದುವುದಿಲ್ಲ, ಬೊಟ್ಟನ್ನೂ ನೋಡುವುದಿಲ್ಲ. ಎರಡೆಳೆಯ ಡಿಎನ್‌ಎಯ ಸ್ವಸ್ಥಾನ ಕೋಶಕೇಂದ್ರ ಮತ್ತು ಮೈಟೋಕಾಂಡ್ರಿಯಾ. ಕೋಶರಸದಲ್ಲಿ ಅದು ಕಂಡರೆ ಯಾರದಾದರೂ ಸರಿ, ಅಪಾಯವೇ. ದೇವರ ಮನೆಯಲ್ಲಿ ಎಮ್ಮೆ ನಿಂತಿದ್ದರೆ ಅದು ನಮ್ಮದೋ ಪಕ್ಕದ ಮನೆಯದೋ ಎಂದು ಯಾರೂ ಕಿವಿ ಹಿಡಿದು ನೋಡುತ್ತ ಕೂರುವುದಿಲ್ಲವಷ್ಟೆ. ಸಿಗ್ಯಾಸ್ ಕೂಡಲೇ ಪುಟ್ಟ ಸಂದೇಶದ ಅಣುವೊಂದನ್ನು ತಯಾರಿಸುತ್ತದೆ, ಆ ಅಣು ‘ಸ್ಟಿಂಗ್’ ಎಂಬ ಪ್ರೋಟೀನನ್ನು ಎಬ್ಬಿಸುತ್ತದೆ, ಅಲ್ಲಿಂದ ಮತ್ತೆ ಇಂಟರ್‌ಫೆರಾನ್. ಕ್ಷಯದ ರೋಗಾಣು ತನ್ನನ್ನು ನುಂಗಿದ ಕೋಶದ ಒಳಚೀಲದಲ್ಲಿ ರಂಧ್ರ ಮಾಡಿ, ತನ್ನ ಡಿಎನ್‌ಎಯನ್ನೂ ಕೋಶರಸಕ್ಕೆ ಸೋರಿಬಿಟ್ಟು, ಈ ಕಾವಲುಗಾರನ ಕೈಗೆ ಸಿಕ್ಕಿಬೀಳುತ್ತದೆಂದು 2015ರಲ್ಲಿ ತಿಳಿದುಬಂತು. ವಿಚಿತ್ರವೆಂದರೆ ಆ ಕೂಗಿನಿಂದ ಹೊರಬರುವ ಇಂಟರ್‌ಫೆರಾನ್ ಕ್ಷಯದಲ್ಲಿ ಎಷ್ಟೋ ಸಲ ರೋಗಾಣುವಿಗೇ ಅನುಕೂಲವಾಗುತ್ತದೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲಿದ್ದಾರೆ, ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಿಂದ ನಮ್ಮ ಬೆಂಗಳೂರಿನಲ್ಲೇ ಇದೆ. ‘ಶಕ್ತಿ ಹೆಚ್ಚಿಸಿಕೊಳ್ಳಿ’ ಎಂದು ಬರೆಯುವವರು ಈ ಒಂದು ರೋಗದ ನಡೆಯನ್ನಾದರೂ ನೆನೆದರೆ ಸಾಕು.

ಗುರುತು ತಪ್ಪಿದಾಗ ಆಗುವುದು ಇನ್ನೂ ಕಠಿಣ. ಲೂಪಸ್ ಎಂಬ ಕಾಯಿಲೆಯಲ್ಲಿ ಸ್ವಂತ ಡಿಎನ್‌ಎಗೇ ಪ್ರತಿಕಾಯಗಳು ಹುಟ್ಟಿ, ಅದಕ್ಕೆ ಅಂಟಿಕೊಂಡು, ಸಹಜವಾಗಿ ಹೋಗಬಾರದಿದ್ದ ಒಳಚೀಲಕ್ಕೆ ಅದನ್ನು ಹೊತ್ತೊಯ್ಯುತ್ತವೆ. ಕೀಲು, ಚರ್ಮ, ಮೂತ್ರಪಿಂಡಗಳೆಲ್ಲ ಉರಿಯುತ್ತವೆ. ಈ ರೋಗಿಗಳಲ್ಲಿ ಹೆಚ್ಚಿನವರು ಇಂದಿಗೂ ಬದುಕು ಸಾಗಿಸುತ್ತಿರುವುದು ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಹಳೆಯ ಮಲೇರಿಯಾ ಮಾತ್ರೆಯ ನೆರವಿನಿಂದ. ಅದು ಒಳಚೀಲದ ಆಮ್ಲೀಯತೆಯನ್ನು ಕುಗ್ಗಿಸಿ ಟಿಎಲ್‌ಆರ್-9ರಂಥ ಗ್ರಾಹಕಗಳ ದನಿಯನ್ನು ತಗ್ಗಿಸುತ್ತದೆ. 2020ರ ಮಾರ್ಚ್‌ನಲ್ಲಿ, ಕೋವಿಡ್ ಸೋಂಕಿತರ ಸಂಪರ್ಕದಲ್ಲಿದ್ದ ಆರೋಗ್ಯ ಸಿಬ್ಬಂದಿ ಇದನ್ನು ತೆಗೆದುಕೊಳ್ಳಬಹುದೆಂಬ ಸಲಹೆ ಹೊರಬಿದ್ದದ್ದೇ ತಡ, ಜನ ‘ರೋಗನಿರೋಧಕ ಶಕ್ತಿಗೆ’ ಎಂದು ಔಷಧದಂಗಡಿಗಳ ಮುಂದೆ ನಿಂತರು. ಶಕ್ತಿ ಹೆಚ್ಚಲೆಂದು ಕೊಂಡದ್ದು, ಆ ಶಕ್ತಿಯ ಒಂದು ಬಾಯಿಯನ್ನು ಮುಚ್ಚುವ ಮಾತ್ರೆಯನ್ನು! ನಮ್ಮ ಬೀದಿಯಲ್ಲೇ ಲೂಪಸ್ ಇರುವ ಹೆಣ್ಣುಮಗಳೊಬ್ಬಳಿಗೆ ಆ ತಿಂಗಳು ಮಾತ್ರೆ ಸಿಗದೆ, ಆಕೆಯ ತಂದೆ ಹುಬ್ಬಳ್ಳಿಯ ಅಂಗಡಿಗಳನ್ನೆಲ್ಲ ಸುತ್ತಿದ್ದನ್ನು ನಾನು ಕಂಡಿದ್ದೇನೆ. ಕೋವಿಡ್‌ನಿಂದ ಆಸ್ಪತ್ರೆ ಸೇರಿದವರಿಗೆ ಅದರಿಂದ ಪ್ರಯೋಜನವಿಲ್ಲವೆಂಬುದು ಆ ವರ್ಷದ ಜೂನ್ ಹೊತ್ತಿಗೆ ಬ್ರಿಟನ್ನಿನ ದೊಡ್ಡ ಪ್ರಯೋಗವೊಂದರಿಂದ ಖಚಿತವಾಯಿತು.

ಮೈಟೋಕಾಂಡ್ರಿಯಾದ ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಕೋಶಗಳಿಗೆ ಚೈತನ್ಯ ಒದಗಿಸುವ ಈ ಅಂಗಗಳ ಪೂರ್ವಜರು ಸ್ವತಂತ್ರವಾಗಿ ಬದುಕುತ್ತಿದ್ದ ಬ್ಯಾಕ್ಟೀರಿಯಾಗಳು. ಅವುಗಳ 16,569 ಅಕ್ಷರಗಳ ಡಿಎನ್‌ಎ ಇಂದಿಗೂ ಆ ಹಳೆಯ ಮನೆತನದ ಚಹರೆಯನ್ನು ಬಿಟ್ಟಿಲ್ಲ. ಭೀಕರ ಅಪಘಾತದಲ್ಲಿ ಕೋಶಗಳು ಒಡೆದು ಅದು ರಕ್ತಕ್ಕೆ ಬಂದಾಗ ಟಿಎಲ್‌ಆರ್-9 ಅದನ್ನು ಬ್ಯಾಕ್ಟೀರಿಯಾವೆಂದೇ ಭಾವಿಸುತ್ತದೆ. ಸೋಂಕೇ ಇಲ್ಲದ ಗಾಯಾಳುವಿನಲ್ಲಿ ನಂಜೇರಿದಂಥ ಲಕ್ಷಣಗಳು ಕಾಣುವುದಕ್ಕೆ ಇದೊಂದು ಕಾರಣವೆಂದು 2010ರಲ್ಲಿ ತೋರಿಸಲಾಯಿತು.

ಈಗ ಆ ತಾಯಿಯ ಪ್ರಶ್ನೆಗೆ ಬರುತ್ತೇನೆ. ಹೈದರಾಬಾದಿನ ಬಯಾಲಾಜಿಕಲ್ ಇ ಸಂಸ್ಥೆಯ ಕಾರ್ಬೆವ್ಯಾಕ್ಸ್‌ಗೆ ತುರ್ತು ಬಳಕೆಯ ಅನುಮತಿ ದೊರೆತದ್ದು 2021ರ ಡಿಸೆಂಬರ್ 28ರಂದು. 12ರಿಂದ 14 ವರ್ಷದ ಮಕ್ಕಳಿಗೆ, ಕರ್ನಾಟಕವೂ ಸೇರಿದಂತೆ ದೇಶದಾದ್ಯಂತ, 2022ರ ಮಾರ್ಚ್ 16ರಿಂದ ಅದನ್ನು ಹಾಕಲಾಯಿತು. ಅದರಲ್ಲಿರುವುದು ಕೊರೊನಾ ವೈರಾಣುವಿನ ಮುಳ್ಳುಪ್ರೋಟೀನಿನ ಒಂದು ತುಣುಕು. ಜೇನ್‌ವೇ ಹೇಳಿದ ಗುಟ್ಟು ಇಲ್ಲಿ ನೆನಪಾಗಬೇಕು: ಬರೀ ಪ್ರೋಟೀನನ್ನು ಕಂಡರೆ ಶರೀರ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಆದ್ದರಿಂದ ಅಲ್ಯೂಮಿನಿಯಂ ಲವಣದ ಜೊತೆಗೆ ‘ಸಿಪಿಜಿ 1018’ ಎಂಬ ಪೂರಕ ದ್ರವ್ಯವನ್ನು ಬೆರೆಸಿದ್ದಾರೆ. ಇದೇ ದ್ರವ್ಯವಿರುವ ಹೆಪಟೈಟಿಸ್-ಬಿ ಲಸಿಕೆಯೊಂದಕ್ಕೆ ಅಮೆರಿಕದಲ್ಲಿ 2017ರಲ್ಲಿಯೇ ಅನುಮತಿ ಸಿಕ್ಕಿತ್ತು. ಹಳೆಯ ಲಸಿಕೆಯನ್ನು ಆರು ತಿಂಗಳಲ್ಲಿ ಮೂರು ಸಲ ಹಾಕಬೇಕಾಗಿದ್ದರೆ, ಇದು ಒಂದು ತಿಂಗಳ ಅಂತರದಲ್ಲಿ ಎರಡು ಸಲ ಹಾಕಿದರೆ ಸಾಕು.

ಸಿಪಿಜಿ 1018 ಬ್ಯಾಕ್ಟೀರಿಯಾದಿಂದ ತೆಗೆದದ್ದಲ್ಲ, ಕಾರ್ಖಾನೆಯಲ್ಲಿ ಅಕ್ಷರಕ್ಕೆ ಅಕ್ಷರ ಜೋಡಿಸಿ ಮಾಡಿದ್ದು. ಅದರ ಉದ್ದ ಇಪ್ಪತ್ತೆರಡು ಅಕ್ಷರ. ಅದರಲ್ಲಿ ಬೊಟ್ಟಿಲ್ಲದ ಸಿಪಿಜಿ ಜೋಡಿಗಳು ಎರಡು. ಸಾಮಾನ್ಯವಾಗಿ ವಂಶವಾಹಿಯೊಂದಕ್ಕೆ ನೂರಾರು, ಸಾವಿರಾರು ಅಕ್ಷರಗಳು ಬೇಕು. ಇದರಲ್ಲಿ ಯಾವ ಪ್ರೋಟೀನಿನ ಆದೇಶವೂ ಇಲ್ಲ. ನಮ್ಮ ಡಿಎನ್‌ಎ ಎರಡೆಳೆಯದು, ಇದು ಒಂದೆಳೆಯದು; ಕಿಣ್ವಗಳು ಬೇಗನೆ ತುಂಡರಿಸದಿರಲೆಂದು ಇದರ ಬೆನ್ನೆಲುಬಿನಲ್ಲಿ ಆಮ್ಲಜನಕದ ಬದಲು ಗಂಧಕವನ್ನು ಕೂರಿಸಿದ್ದಾರೆ. ಬಿಳಿ ರಕ್ತಕಣದ ಒಳಚೀಲಕ್ಕೆ ಹೋಗಿ, ಟಿಎಲ್‌ಆರ್-9ರ ಬಾಗಿಲು ಬಡಿದು, ಪಕ್ಕದಲ್ಲಿರುವ ವೈರಾಣುವಿನ ತುಣುಕನ್ನು ಗಮನವಿಟ್ಟು ನೋಡುವಂತೆ ಮಾಡುವಷ್ಟಕ್ಕೆ ಇದರ ಕೆಲಸ ಮುಗಿಯುತ್ತದೆ. ಹಾಗೆ ನೋಡಿದರೆ ತಾಯಂದಿರು ಹೆರಿಗೆಯಾದ ಕೂಡಲೇ ಮಕ್ಕಳಿಗೆ ಹಾಕಿಸುವ ಬಿಸಿಜಿಯಲ್ಲಿ ಇಡೀ ಬ್ಯಾಕ್ಟೀರಿಯಾ ಜೀವಂತವಾಗಿದೆ, ಲಕ್ಷಾಂತರ ಅಕ್ಷರಗಳ ಡಿಎನ್‌ಎ ಸಮೇತ. ಅದು 1921ರಿಂದ ಬಳಕೆಯಲ್ಲಿದೆ.

ಸಿಪಿಜಿ ಸಿಕ್ಕಿತೆಂದು ಎಲ್ಲೆಡೆ ಗೆಲುವೂ ಆಗಿಲ್ಲ. ಶರೀರದ ಕೂಗನ್ನು ಜೋರು ಮಾಡಿದರೆ ಕ್ಯಾನ್ಸರ್ ಸೋಲಬಹುದೆಂಬ ಆಸೆಯಿಂದ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಿಗೆ ಕೀಮೋಥೆರಪಿಯ ಜೊತೆ ಇಂಥ ಎಳೆಗಳನ್ನು ಕೊಟ್ಟು ನೋಡಿದ ದೊಡ್ಡ ಪ್ರಯೋಗಗಳನ್ನು ಫೈಝರ್ ಸಂಸ್ಥೆ 2007ರಲ್ಲಿ ನಿಲ್ಲಿಸಬೇಕಾಯಿತು. ಬದುಕುವ ಅವಧಿ ಹೆಚ್ಚಲಿಲ್ಲ.

ಕಷಾಯದ ಬಗ್ಗೆ ನನಗೆ ಹಗೆಯಿಲ್ಲ. ಶುಂಠಿ, ಮೆಣಸು ಹಾಕಿ ಕುದಿಸಿದ್ದನ್ನು ಮಳೆಗಾಲದಲ್ಲಿ ನಮ್ಮ ಮನೆಯಲ್ಲೂ ಕುಡಿಯುತ್ತೇವೆ, ಗಂಟಲಿಗೆ ಹಿತವಾಗಿರುತ್ತದೆ. ಆದರೆ ಅದು ಟಿಎಲ್‌ಆರ್-9ಕ್ಕೋ ಸಿಗ್ಯಾಸ್‌ಗೋ ಬಲ ತುಂಬುತ್ತದೆಂದು ಹೇಳುವ ಧೈರ್ಯ ನನಗಿಲ್ಲ. ತುಂಬಿದರೆ ಅದು ಸಂತೋಷದ ಸಂಗತಿಯಾಗುತ್ತದೆಂದು ಹೇಳುವ ಧೈರ್ಯ ಇನ್ನೂ ಇಲ್ಲ. ತಮ್ಮ ಉಪಸಂಪಾದಕರು ಮುಂದೆ ಇಂಥ ಲೇಖನಗಳನ್ನು ತಿದ್ದುವಾಗ ‘ರೋಗನಿರೋಧಕ ಶಕ್ತಿ’ ಎಂದಿರುವಲ್ಲಿ ‘ರೋಗನಿರೋಧ ವ್ಯವಸ್ಥೆ’ ಎಂದು ಬರೆಯುವುದು ಸಾಧ್ಯವಾದರೆ, ‘ಹೆಚ್ಚಿಸಿ’ ಎಂಬ ಕ್ರಿಯಾಪದ ಅದರ ಪಕ್ಕದಲ್ಲಿ ಕೂರಲು ತಾನಾಗಿಯೇ ಹಿಂಜರಿಯುತ್ತದೆ. ಜ್ವರವನ್ನು ಕುರಿತ ಆ ವಾಕ್ಯಕ್ಕೆ ಬರುವ ಭಾನುವಾರ ಒಂದು ತಿದ್ದುಪಡಿ ಹಾಕಬೇಕೆಂದೂ ಕೋರುತ್ತೇನೆ.

ಪತ್ರ ಬರೆದ ಆ ತಾಯಿ, ಲಸಿಕೆ ಹಾಕಿದ ಮಗಳ ತೋಳು ಎರಡು ದಿನ ನೋಯುತ್ತಿದ್ದುದನ್ನೂ ಮೈ ಬೆಚ್ಚಗಾಗಿದ್ದನ್ನೂ ಹಾನಿಯ ಗುರುತೆಂದು ನಮೂದಿಸಿದ್ದಾರೆ. ಆ ಇಪ್ಪತ್ತೆರಡು ಅಕ್ಷರಗಳನ್ನು ಮಗುವಿನ ಬಿಳಿ ರಕ್ತಕಣಗಳು ಓದಿ ಉತ್ತರ ಕೊಟ್ಟದ್ದಕ್ಕೆ ಹೊರಗೆ ಕಾಣುವ ರೂಪ ಬಹುಮಟ್ಟಿಗೆ ಅಂಥದ್ದೇ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸೂಕ್ಷ್ಮಜೀವಿಶಾಸ್ತ್ರ ಅಧ್ಯಾಪಕ, ಧಾರವಾಡ